ಕಾವಲು ತೋಟದಲ್ಲಿ ಓದಿದ ಪ್ಯಾಲೆಸ್ತೀನ್

ತಿಪಟೂರಿನ ಮಂಡಿ ಬೀದಿಗೆ ಕಾಲಿಟ್ಟರೆ ಸಾಕು, ಒಣಗಿದ ಕೊಬ್ಬರಿಯ ವಾಸನೆ ಮೂಗಿಗೆ ಬಡಿಯುತ್ತದೆ. ಎಣ್ಣೆಯ ಜಿಡ್ಡು, ಒಂದಿಷ್ಟು ಸಿಹಿ, ಗೋಣಿಚೀಲದ ಧೂಳು. ಹೋದ ತಿಂಗಳು ತಮ್ಮನ ಅಂಗಡಿಯಲ್ಲಿ ಆ ವಾಸನೆಯ ನಡುವೆ ಕೂತು ಕಾಫಿ ಕುಡಿಯುತ್ತಿದ್ದೆ. ಗೋಡೆಯ ಮೇಲಿನ ಟೀವಿಯಲ್ಲಿ ಗಾಜಾದ ಸುದ್ದಿ ಬರುತ್ತಿತ್ತು. ತಮ್ಮನ ಮಗ ತಕ್ಕಡಿಯ ಹತ್ತಿರದಿಂದಲೇ ಕೇಳಿದ: "ಅತ್ತೆ, ನೀವು ಇದನ್ನೇ ಓದಿದೋರಂತಲ್ಲ. ಒಂದೇ ಮಾತಲ್ಲಿ ಹೇಳ್ಬುಡಿ, ಯಾರ್ದು ಸರಿ?"

"ಒಂದೇ ಮಾತಿನ ಉತ್ತರ ಬೇಕಿದ್ರೆ ಟೀವೀನೇ ಕೇಳು" ಅಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ. ಎಂಬತ್ತೇಳರಲ್ಲಿ ಇದೇ ಪ್ರಶ್ನೆಯನ್ನು ನನ್ನ ಅಪ್ಪ ಕೇಳಿದ್ದರು. ಅವರಿಗೆ ಉತ್ತರ ಕೊಡಲು ನನಗೆ ಒಂದಿಡೀ ವರ್ಷ ಹಿಡಿಯಿತು. ಆ ವರ್ಷದ ಮಟ್ಟಿಗೆ ನಮ್ಮ ಮನೆಯಲ್ಲಿ ನೆಮ್ಮದಿಯೂ ಇರಲಿಲ್ಲ.

ಆಗ ನಾನು ಚರಿತ್ರೆಯಲ್ಲಿ ಎಂ.ಎ. ಮುಗಿಸಿ ಮೈಸೂರಿನಲ್ಲಿ ಎಂ.ಫಿಲ್.ಗೆ ಸೇರಿದ್ದೆ. ತರಗತಿಗಳು ಮುಗಿದ ಮೇಲೆ ಪ್ರಬಂಧ ಬರೆಯಲೆಂದು ಬಿಳಿಗೆರೆ ಪಕ್ಕದ ನಮ್ಮೂರಿಗೆ ಬಂದು ಕೂತೆ. ನನ್ನ ವಿಷಯ ನಲವತ್ತೆಂಟನೇ ಇಸವಿಯ ಪ್ಯಾಲೆಸ್ತೀನ್. ಆ ವರ್ಷದ ಯುದ್ಧವನ್ನು ಇಸ್ರೇಲಿನವರು ಸ್ವಾತಂತ್ರ್ಯ ಸಮರ ಎನ್ನುತ್ತಾರೆ. ಪ್ಯಾಲೆಸ್ತೀನಿನವರು ನಕ್ಬಾ, ಅಂದರೆ ಮಹಾವಿಪತ್ತು ಎನ್ನುತ್ತಾರೆ. ಹೀಗೆ ಎರಡು ಹೆಸರಿರುವ ಒಂದೇ ವರ್ಷವನ್ನು ವಿದ್ವಾಂಸರು ಹೇಗೆ ಓದುತ್ತಾರೆ, ಯಾವ ಮಾತನ್ನು ಹೇಗೆ ಪರೀಕ್ಷಿಸುತ್ತಾರೆ ಎಂಬುದನ್ನು ನಾನು ಬರೆಯಬೇಕಿತ್ತು.

ಊರವರಿಗೆ ಇದೊಂದು ತಮಾಷೆ. ಹಾಲಿನ ಡೈರಿಯ ಮುಂದೆ ಹಾದುಹೋದರೆ "ಏನವ್ವ, ನಿನ್ನ ಇಸ್ರೇಲು ಎಲ್ಲಿಗಂಟ ಬಂತು?" ಎಂದು ಒಬ್ಬರಾದರೂ ಕೇಳುತ್ತಿದ್ದರು. "ತುರುವೇಕೆರೆ ದಾಟಿದ್ರೆ ದಾರಿ ತಪ್ಪೋಳು, ಜೆರೂಸಲೇಮಿಗೆ ದಾರಿ ಹೇಳ್ತಾಳಂತೆ" ಎಂದು ಬೆನ್ನ ಹಿಂದೆ ಆಡಿಕೊಂಡದ್ದೂ ಕಿವಿಗೆ ಬೀಳುತ್ತಿತ್ತು. ನಾನು ಹುಟ್ಟಾ ಹಠಮಾರಿ. ನಗುವವರ ಮುಂದೆ ಇನ್ನಷ್ಟು ನೆಟ್ಟಗೆ ನಡೆಯುತ್ತಿದ್ದೆ.

ಅಪ್ಪ ನಗುತ್ತಿರಲಿಲ್ಲ. ಅವರಿಗೆ ಇದು ಅರ್ಥವಾಗದ ಖರ್ಚು. ಒಂದು ದಿನ ಜಗುಲಿಯಲ್ಲಿ ಕೂರಿಸಿಕೊಂಡು ಕೇಳಿದರು.

"ಊರ ಉಸಾಬರಿ ನಮಗ್ಯಾಕೆ ಕಣವ್ವ. ಹೋಗ್ಲಿ, ಅವ್ರಿಬ್ರಲ್ಲಿ ಯಾರ್ದು ನ್ಯಾಯ, ಅದ್ನಾರ ಹೇಳು."

"ಅದನ್ನ ತಿಳ್ಕೊಳೋದಕ್ಕೇ ಅಪ್ಪ ಓದ್ತಿರೋದು."

"ತಿಳೀದೇ ಬರೀತೀಯಾ ಹಂಗಾರೆ?"

"ತಿಳ್ಕೊಳೋದು ಹೆಂಗೆ ಅಂತ ಬರೀತೀನಿ."

ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಆಮೇಲೆ ಗಡುವು ಕೊಟ್ಟರು. "ನೋಡು, ಈ ಸಲದ ಕಾಯಿ ಅಟ್ಟ ಹತ್ತವೆ. ಅವು ಇಳಿಯೋಗಂಟ ನಿಂಗೆ ಟೈಮು. ಅಷ್ಟರಾಗೆ ನಿನ್ ಪುಸ್ತಕ ಮುಗ್ದು ಕೆಲ್ಸದ ದಾರಿಯಾದ್ರೆ ಸರಿ. ಇಲ್ಲಾಂದ್ರೆ ಅರಳಗುಪ್ಪೆ ಕಡೆಯೋರಿಗೆ ಮಾತು ಕೊಟ್ಬುಡ್ತೀನಿ. ಅವ್ರು ಕೇಳಿ ಕಳಿಸ್ತಾನೇ ಅವ್ರೆ."

ನಮ್ಮ ಸೀಮೆಯಲ್ಲಿ ಇದೇ ವರ್ಷದ ಲೆಕ್ಕ. ನಾವು ತೆಂಗಿನಕಾಯಿಯನ್ನು ಒಡೆದು ಬಿಸಿಲಿಗೆ ಹಾಕುವವರಲ್ಲ. ಸಿಪ್ಪೆಯ ಸಮೇತ ಮನೆಯ ಅಟ್ಟದ ಮೇಲೆ ರಾಶಿ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಕಾಯುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಟಗಟ ಅನ್ನಬೇಕು. ಆತುರಪಟ್ಟು ಒಡೆದರೆ ಅದು ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ. ನನಗೆ ಕಾಲೇಜಿನಲ್ಲಿ ಪಾಠ ಹೇಳುವ ಆಸೆ. ಮದುವೆಯ ಮೇಲೆ ಸಿಟ್ಟೇನೂ ಇರಲಿಲ್ಲ. ಆದರೆ ಅರಳಗುಪ್ಪೆಯ ಆ ಮನೆಯವರು ಸೊಸೆ ಕೆಲಸಕ್ಕೆ ಹೋಗಕೂಡದು ಎಂದು ಮೊದಲೇ ಹೇಳಿದ್ದರು. ಪ್ರಬಂಧ ಮುಗಿಯದಿದ್ದರೆ ನನ್ನ ಓದು ಅಲ್ಲಿಗೆ ಮುಗಿದಂತೆ.

ಅಟ್ಟದ ಕೆಳಗಿನ ಕೋಣೆಯಲ್ಲಿ ಮೇಜು ಹಾಕಿಕೊಂಡೆ. ಮೇಲೆ ಇಲಿಗಳ ಓಡಾಟ, ಕೆಳಗೆ ನಾನು. ತಿಂಗಳಿಗೊಮ್ಮೆ ಅರಸೀಕೆರೆಗೆ ಹೋಗಿ, ಅಲ್ಲಿಂದ ಮೈಸೂರಿನ ರೈಲು ಹಿಡಿದು, ಲೈಬ್ರರಿಯಿಂದ ಹೊರಲಾಗುವಷ್ಟು ಪುಸ್ತಕ ಹೊತ್ತು ತರುತ್ತಿದ್ದೆ. ಮೇಜಿನ ಮೇಲೆ ಎರಡು ರಾಶಿ ಬೆಳೆದವು. ಒಂದು ರಾಶಿಯಲ್ಲಿದ್ದವರು ಯೂರೋಪಿನ ಸಾವಿನ ಶಿಬಿರಗಳಿಂದ ಬದುಕಿ ಬಂದವರು. ಯಾವ ದೇಶವೂ ಬಾಗಿಲು ತೆರೆಯದಿದ್ದಾಗ, ಪೂರ್ವಿಕರ ನಾಡೆಂದು ನಂಬಿದ ನೆಲಕ್ಕೆ ಹಡಗು ಹತ್ತಿದವರು. ಹುಟ್ಟಿದ ದೇಶವನ್ನು ಸುತ್ತಲಿನ ಸೈನ್ಯಗಳಿಂದ ಉಳಿಸಿಕೊಂಡೆವು ಎನ್ನುವವರು. ಇನ್ನೊಂದು ರಾಶಿಯಲ್ಲಿದ್ದವರು ತಲೆತಲಾಂತರದಿಂದ ಆಲಿವ್ ಬೆಳೆದ ಊರುಗಳಿಂದ ಹೊರಬಿದ್ದ ಲಕ್ಷಾಂತರ ಜನ. ಮರಳಿ ಬರಗೊಡದ ಗಡಿಯ ಆಚೆ, ಡೇರೆಗಳಲ್ಲಿ ಮುದುಕರಾದವರು. ಒಂದು ರಾಶಿ ಓದಿ ಅತ್ತೆ. ಇನ್ನೊಂದು ಓದಿಯೂ ಅತ್ತೆ.

ಮೈಸೂರಿನಲ್ಲಿ ನನ್ನ ಗೈಡು ವಾಸುದೇವ ಮೇಷ್ಟ್ರು. ನಿವೃತ್ತಿಯ ಅಂಚಿನಲ್ಲಿದ್ದ ಸಣ್ಣ ಮೈಕಟ್ಟಿನ ಮನುಷ್ಯ. ಮೆಚ್ಚುಗೆಯನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಇರಲಿಲ್ಲ. ಓದಿ ಅತ್ತದ್ದನ್ನು ಅವರಿಗೆ ಹೇಳಿದೆ.

"ಅತ್ತದ್ದು ಒಳ್ಳೇದಾಯ್ತಮ್ಮ. ಆದರೆ ಅದು ಅಧ್ಯಾಯ ಅಲ್ಲ" ಅಂದರು. "ಇಬ್ಬರ ಮಾತನ್ನೂ ಕೇಳಬೇಕು ಅಂದರೆ ಇಬ್ಬರಿಗೂ ಅರ್ಧರ್ಧ ಸತ್ಯ ಹಂಚೋದು ಅಂತಲ್ಲ. ಒಂದು ಪ್ರಶ್ನೆ ಇಟ್ಕೋ. ಆ ಹಳ್ಳಿಯವರು ಯಾಕೆ ಊರು ಬಿಟ್ಟರು? ಅದಕ್ಕೆ ಯಾರ್ಯಾರು ಏನೇನು ಹೇಳಿದಾರೆ, ಯಾವಾಗ ಹೇಳಿದಾರೆ, ಹೇಳಿದವರು ಅಲ್ಲಿದ್ದರಾ? ಅಷ್ಟು ನೋಡು."

ಆ ಒಂದು ಪ್ರಶ್ನೆ ಹಿಡಿದು ಕೂತ ಮೇಲೆ ನನ್ನ ಓದಿಗೆ ಬೆನ್ನುಮೂಳೆ ಬಂತು. ಅರಬ್ ನಾಯಕರು ರೇಡಿಯೊದಲ್ಲಿ ಎಲ್ಲರಿಗೂ ಊರು ಬಿಡಲು ಹೇಳಿದರು, ಅದಕ್ಕೇ ಜನ ಹೊರಟರು ಎಂದು ಇಸ್ರೇಲಿನ ಹಳೆಯ ಪುಸ್ತಕಗಳು ಹೇಳುತ್ತಿದ್ದವು. ಆ ಕಾಲದ ರೇಡಿಯೊ ಪ್ರಸಾರಗಳನ್ನು ಆಗಲೇ ಕೇಳಿ ಬರೆದಿಟ್ಟುಕೊಂಡವರಿದ್ದರು. ಆ ಬರಹಗಳನ್ನು ತಿರುವಿ ನೋಡಿದವರಿಗೆ ಅಂಥ ಅಪ್ಪಣೆ ಸಿಗಲಿಲ್ಲ. ಆಮೇಲೆ ಇಸ್ರೇಲಿನಲ್ಲೇ ಸರಕಾರದ ಹಳೆಯ ಕಾಗದಗಳು ಓದಲು ಸಿಕ್ಕವು. ಅಲ್ಲಿನ ಕೆಲವು ಕಿರಿಯ ಇತಿಹಾಸಕಾರರು ತಮ್ಮದೇ ಸೈನ್ಯದ ವರದಿಗಳನ್ನು ಓದತೊಡಗಿದ್ದರು. ಕೆಲವು ಊರುಗಳವರನ್ನು ಬಂದೂಕು ತೋರಿಸಿ ಹೊರಗಟ್ಟಲಾಗಿತ್ತು. ಕೆಲವು ಊರುಗಳವರು ದಾಳಿಗೆ, ಪಕ್ಕದೂರಿನ ಕೊಲೆಯ ಸುದ್ದಿಗೆ ಹೆದರಿ ಓಡಿದ್ದರು. ಅಲ್ಲೊಂದು ಇಲ್ಲೊಂದು ಕಡೆ ಊರಿನ ಹಿರಿಯರೇ ಹೆಂಗಸರು ಮಕ್ಕಳನ್ನು ಕಳಿಸಿದ್ದೂ ಇತ್ತು. ಇದೆಲ್ಲ ಮೊದಲೇ ಹೂಡಿದ ಯೋಜನೆಯೋ, ಯುದ್ಧದ ಬಿಸಿಯಲ್ಲಿ ಆದದ್ದೋ ಎಂದು ವಿದ್ವಾಂಸರ ನಡುವೆಯೇ ಜಗಳ ಹತ್ತಿತ್ತು. ಊರೂರಿಗೆ, ವಾರವಾರಕ್ಕೆ ಕೇಳದೆ ಉತ್ತರ ಸಿಗುವಂತಿರಲಿಲ್ಲ.

ಪ್ಯಾಲೆಸ್ತೀನಿನ ವಿದ್ವಾಂಸರ ಕಷ್ಟ ಬೇರೆ. ಅವರ ಕಾಗದಗಳೆಲ್ಲ ಮನೆಗಳ ಜೊತೆಗೇ ಕಳೆದುಹೋಗಿದ್ದವು, ಇಲ್ಲವೇ ಗೆದ್ದವರ ಕಪಾಟು ಸೇರಿದ್ದವು. ಅವರು ಟೇಪ್ ರೆಕಾರ್ಡರ್ ಹಿಡಿದು ಶಿಬಿರಗಳಿಗೆ ಹೋಗಿ ಮುದುಕರನ್ನು ಕೇಳುತ್ತಿದ್ದರು. ನಿಮ್ಮೂರಿನ ಬಾವಿ ಎಲ್ಲಿತ್ತು? ಯಾರ ಮನೆಯ ಪಕ್ಕ ಯಾರ ಮನೆ? ಬಾಯಿಮಾತನ್ನು ನಂಬಲಾಗದು, ವಯಸ್ಸಾದಂತೆ ನೆನಪು ಬಣ್ಣ ಬಳಿದುಕೊಳ್ಳುತ್ತದೆ ಎಂದು ಕೆಲವರು ತಳ್ಳಿಹಾಕಿದರು. ಸೈನ್ಯಾಧಿಕಾರಿಯ ವರದಿಯೂ ಒಬ್ಬನ ಮಾತೇ ಅಲ್ಲವೇ, ಅವನಿಗೆ ಮುಚ್ಚಿಡಲು ಏನೂ ಇರಲಿಲ್ಲವೇ ಎಂದು ಉಳಿದವರು ತಿರುಗಿ ಕೇಳಿದರು. ಗೆದ್ದವರ ಹತ್ತಿರ ಕಾಗದ, ಸೋತವರ ಹತ್ತಿರ ಬಾಯಿ ಎಂದು ನನ್ನ ಕರಡಿನಲ್ಲಿ ಬರೆದೆ. ನನಗೆ ಅರಬ್ಬಿಯೂ ಬರುವುದಿಲ್ಲ, ಹೀಬ್ರೂವೂ ಬರುವುದಿಲ್ಲ, ಇಂಗ್ಲಿಷಿಗೆ ಬಂದದ್ದನ್ನಷ್ಟೇ ಓದಿದ್ದೇನೆ ಎಂದೂ ಮೊದಲ ಪುಟದಲ್ಲೇ ಬರೆದೆ. ಮೇಷ್ಟ್ರು ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು.

ಡಿಸೆಂಬರಿನಲ್ಲಿ ಗಾಜಾದ ಜನ ಇಸ್ರೇಲಿನ ಆಡಳಿತದ ವಿರುದ್ಧ ದಂಗೆ ಎದ್ದ ಸುದ್ದಿ ಬಂತು. ಪೇಪರಿನಲ್ಲಿ ಕಲ್ಲು ಎಸೆಯುವ ಹುಡುಗರು, ಹೆಲ್ಮೆಟ್ಟು ಹಾಕಿದ ಸೈನಿಕರು. ಡೈರಿಯ ಮುಂದೆ ನನ್ನನ್ನು ಛೇಡಿಸುತ್ತಿದ್ದವರು ಈಗ ನಿಲ್ಲಿಸಿ ಕೇಳತೊಡಗಿದರು. ಪಡ್ಡೆ ಹುಡುಗರಲ್ಲಿ ಎರಡು ಪಕ್ಷವೇ ಆಗಿಬಿಟ್ಟಿತು. ನಾನು ಒಂದು ಕಡೆಯವರ ನೋವು ಹೇಳಿದರೆ ಇನ್ನೊಂದು ಕಡೆಯವರು "ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ತೀರ ಕಣಕ್ಕ" ಎನ್ನುತ್ತಿದ್ದರು. ಎರಡೂ ಹೇಳಿದರೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನೋ ಜಾಣೆ ಎಂಬ ಬಿರುದು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದ ದಿನ ಹೆಚ್ಚು ಪುಟ ಬರೆಯುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಮೈಸೂರಿಗೆ ಹೋದಾಗ ಮೇಷ್ಟ್ರು ನನ್ನ ಬಾಯಿಮಾತಿನ ಅಧ್ಯಾಯವನ್ನು ಓದಿ ಮುಗಿಸಿದ್ದರು.

"ಇಷ್ಟು ಬರ್ದಿದೀಯಲ್ಲ, ಯಾರದಾದ್ರೂ ಬಾಯಿಮಾತನ್ನ ನೀನು ಕೂತು ಕೇಳಿದೀಯಾ?" ಎಂದು ಕೇಳಿದರು. ನಾನು ಇಲ್ಲ ಅಂದೆ. "ನಿಮ್ಮ ಕಡೆ ಎರಡು ಕಥೆ ಇರೋ ಒಂದು ತುಂಡು ನೆಲ ಇದ್ದೇ ಇರತ್ತೆ. ಹೋಗಿ ಕೇಳು. ಕೇಳೋದು ಎಷ್ಟು ಕಷ್ಟ ಅಂತ ಗೊತ್ತಾಗಲಿ. ಆದರೆ ಅದನ್ನ ತಂದು ಪ್ಯಾಲೆಸ್ತೀನಿಗೆ ಅಂಟಿಸಬೇಡ."

ಎಲ್ಲಿಗೆ ಹೋಗುವುದೆಂದು ಅಮ್ಮನನ್ನು ಕೇಳಿದೆ. ಹುಳಿಯಾರು ರಸ್ತೆಯಲ್ಲಿ ನಮ್ಮದೊಂದು ತೋಟವಿದೆ. ಹಿಂದೆ ದನ ಮೇಯುವ ಕಾವಲಾಗಿದ್ದ ಜಾಗ, ಅದಕ್ಕೇ ಕಾವಲು ತೋಟ ಎಂದು ಹೆಸರು. ಅದರಿಂದ ಒಂದಿಷ್ಟು ದೂರದಲ್ಲಿ ದನಗಾಹಿಗಳ ಹಟ್ಟಿ. "ಆ ಹಟ್ಟಿಯೋರು ಹಳೇ ಕಾಲ್ದ ಮಾತು ಭಾಳ ಆಡ್ತಾರೆ, ಹೋಗಿ ಕೇಳು" ಅಂದಳು ಅಮ್ಮ. ತೆಂಗಿನ ಸೀಮೆಯಲ್ಲಿ ಯಾರೂ ಬರಿಗೈಯಲ್ಲಿ ಇನ್ನೊಬ್ಬರ ಮನೆಗೆ ಹೋಗುವುದಿಲ್ಲ. ಅಮ್ಮ ಕಾವಲು ತೋಟದ ಕಾಯಿಗಳಲ್ಲೇ ಒಳ್ಳೆಯವನ್ನು ಆರಿಸಿ, ಜುಟ್ಟು ಬಿಟ್ಟು ಸುಲಿಸಿ, ಚೀಲ ತುಂಬಿ ಕೊಟ್ಟಳು.

ಮುಳ್ಳುಬೇಲಿಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದೆ. ಹಟ್ಟಿಯಲ್ಲಿ ಎಲ್ಲರಿಗೂ ಹಿರಿಯಳಾದ ಕ್ಯಾತಜ್ಜಿ ಗುಡಿಸಲ ಮುಂದೆ ಬಿಸಿಲು ಕಾಯಿಸುತ್ತ ಕೂತಿದ್ದಳು. ಯಾರ ಮಗಳು, ಯಾವೂರು ಎಂದು ಕೇಳಿದಳು, ಹೇಳಿದೆ. ಚೀಲವನ್ನು ಅವಳ ಮುಂದೆ ಇಟ್ಟೆ. ಅಜ್ಜಿ ಒಂದು ಕಾಯಿ ಎತ್ತಿ ತೂಗಿ ನೋಡಿದಳು.

"ಒಳ್ಳೆ ತೂಕದ ಕಾಯಿ. ಯಾವ ತೋಟದ್ದವ್ವ?"

"ಇಲ್ಲೇ ನಮ್ಮ ಕಾವಲು ತೋಟದ್ದಜ್ಜಿ. ರುಚಿ ಜಾಸ್ತಿ" ಎಂದೆ, ಒಂದಿಷ್ಟು ಜಂಬದಿಂದಲೇ.

ಅಜ್ಜಿ ಕಾಯಿಯನ್ನು ಮೆಲ್ಲಗೆ ಚೀಲದೊಳಕ್ಕೆ ವಾಪಸ್ಸು ಇಟ್ಟಳು. "ಆ ತೋಟದ ಕಾಯಿ ನಮ್ಮಟ್ಟೀಲಿ ಒಡೆಯಾಕಿಲ್ಲ ಕಣವ್ವ. ನಮ್ ದ್ಯಾವ್ರ ಗುಡ್ಲು ಅದ್ರ ಬುಡದಾಗೈತೆ."

ಹುಟ್ಟಿದಾಗಿನಿಂದ ಆ ತೋಟದ ಕಾಯಿಯ ಚಟ್ನಿ ತಿಂದವಳು ನಾನು. ಎದ್ದು ಹೋಗಿಬಿಡಲೆಂದು ಚೀಲಕ್ಕೆ ಕೈ ಹಾಕಿದೆ. ಅಜ್ಜಿಯೇ ತಡೆದಳು. "ಮಜ್ಜಿಗೆ ಕುಡಿ. ನೀನೇನ್ ಮಾಡಿದ್ದೀಯ, ನೀನಾಗ ಹುಟ್ಟೇ ಇರ್ನಿಲ್ಲ."

ಆಮೇಲೆ ಅವಳು ಹೇಳಿದಳು. ಹಟ್ಟಿ ಮೊದಲು ಇದ್ದದ್ದು ಈಗ ನಮ್ಮ ತೋಟವಿರುವಲ್ಲಿ. ಅವಳು ಮದುವೆಯಾಗಿ ಬಂದದ್ದು ಅಲ್ಲಿಗೆ. "ಬ್ಯಾಸ್ಗೇಲಿ ಮೇವಿಲ್ದೆ ದನ ಹೊಡ್ಕಂಡು ಎಲ್ರೂ ದೂರ ಹೋಗಿದ್ವಿ, ಪ್ರತಿ ವರ್ಸ ಹೋಗೋ ಹಂಗೇನೇ. ಮಳೆ ಬಿದ್ ಮ್ಯಾಕೆ ತಿರುಗಿ ಬಂದ್ರೆ ಗೂಟ ಹೊಡ್ದಿದ್ರು. ನಿಮ್ ತಾತ ಕುದ್ರೆ ಪೊಲೀಸ್ನೋರ್ನ ನಿಲ್ಸಿದ್ರು. ಗುಡ್ಲೆಲ್ಲ ಸುಟ್ಟು ಬೂದಿ."

ಪಕ್ಕದಲ್ಲಿ ಕೂತಿದ್ದ ಅವಳ ಮೈದುನ ತಲೆ ಆಡಿಸಿದ. "ಕುದ್ರೆ ಎಲ್ಲಿತ್ತು ಅತ್ಗೆ? ಸರ್ವೆಯೋರು ಚೈನು ಹಿಡ್ಕಂಡು ಬಂದಿದ್ರು, ಅಷ್ಟೇಯ. ಗುಡ್ಲು ಸುಟ್ಟಿದ್ದು ಯಾರು ಅಂತ ನಾವು ಕಂಡಿಲ್ಲ."

"ನೀನು ದನದ ಹಿಂದ್ಗಡೆ ಉಳ್ಕಂಡಿದ್ದೆ, ನಿಂಗೇನ್ ಗೊತ್ತು ಸುಮ್ಕಿರು" ಎಂದಳು ಅಜ್ಜಿ. ಇಬ್ಬರೂ ವಾದಕ್ಕೆ ಬಿದ್ದರು. ನಾನು ಇಬ್ಬರ ಮಾತನ್ನೂ ಬರೆದುಕೊಂಡೆ. ಕಾಯಿಯ ಚೀಲವನ್ನು ಹೊತ್ತುಕೊಂಡೇ ಬಸ್ಸು ಹತ್ತಿದೆ.

ತುಂಬಿದಂತೆಯೇ ವಾಪಸ್ಸು ಬಂದ ಚೀಲವನ್ನು ಅಮ್ಮ ಒಳಗೆ ಒಯ್ದಿಟ್ಟಳು. ತೋಟದ ಜಾಗದಲ್ಲಿ ಮೊದಲು ಹಟ್ಟಿ ಇತ್ತೇ ಎಂದು ಅಪ್ಪನನ್ನು ನಾನೇ ಕೇಳಿದೆ.

"ಅಲ್ಲಿ ಯಾರಿದ್ರು?" ಎಂದರು ಅಪ್ಪ. "ನೆಲ ಖಾಲಿ ಬಿದ್ದಿತ್ತು. ಬರೀ ಬಂದ್ರೆ ಪೊದೆ, ಕಾರೆ ಮುಳ್ಳು. ನಿಮ್ ತಾತ ದರ್ಖಾಸ್ತು ಹಾಕ್ಕಂಡು ಸರ್ಕಾರದಿಂದ ತಗಂಡ್ರು, ಪತ್ರ ಐತೆ. ಒಂದೊಂದು ಸಸಿಗೂ ಬಿಂದಿಗೇಲಿ ನೀರು ಹೊತ್ತು ಅವ್ರ ಬೆನ್ನು ಬಾಗೋಯ್ತು. ಆಮೇಲೆ ಬಾವಿ ತೋಡಿದ್ದು, ಕಲ್ಲು ಒಡ್ದು ಒಡ್ದು. ಯಾರೋ ಮುದುಕಿ ಏನೋ ಅಂದ್ಲಂತೆ."

ನಾನು ಕೋಣೆಗೆ ಬಂದು ಎರಡೂ ಮಾತನ್ನು ಎದುರುಬದುರು ಇಟ್ಟು ನೋಡಿದೆ. ಸರ್ವೆಯವರು ಗೂಟ ಹೊಡೆಯಲು ಬಂದದ್ದು ಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಆ ಹಟ್ಟಿ ಪ್ರತಿ ವರ್ಷವೂ ಖಾಲಿಯೇ. ಖಾಲಿ ಕಂಡವರಿಗೆ ಅದು ಖಾಲಿ ನೆಲ, ಮಳೆ ಬಿದ್ದ ಮೇಲೆ ತಿರುಗಿ ಬಂದವರಿಗೆ ಅದು ಮನೆ. ಕುದುರೆ ಪೊಲೀಸರ ಮಾತು ಅನುಮಾನ. ಸುಟ್ಟವರು ಯಾರೆಂಬುದು ಗೊತ್ತಿಲ್ಲ. ಆದರೆ ಅಲ್ಲಿ ಜನ ಇದ್ದರೋ ಇಲ್ಲವೋ ಎಂಬುದಕ್ಕೆ ಅರ್ಧರ್ಧ ಸತ್ಯ ಸಾಧ್ಯವಿರಲಿಲ್ಲ. ಇದ್ದರು, ಇಲ್ಲವೇ ಇರಲಿಲ್ಲ. ಎಷ್ಟೋ ಸಾವಿರ ಮೈಲಿ ದೂರದ ಊರುಗಳ ಬಗ್ಗೆ ಸಲೀಸಾಗಿ ಕೇಳಿದ ಪ್ರಶ್ನೆಯನ್ನು ಅನ್ನ ಹಾಕಿದ ಅಪ್ಪನಿಗೆ ಮತ್ತೆ ಒತ್ತಿ ಕೇಳುವುದು ನುಂಗಲಾರದ ಬಿಸಿತುಪ್ಪವಾಯಿತು.

ಮುಂದಿನ ಸಲ ಮೇಷ್ಟ್ರ ಹತ್ತಿರ ಹೋದಾಗ ಪ್ರಬಂಧದ ಮುನ್ನುಡಿಗೆ ಒಂದು ಪುಟ ಸೇರಿಸುತ್ತೇನೆ ಎಂದೆ. ನಾನು ಯಾರ ಮಗಳು, ಯಾವ ತೋಟದ ಆದಾಯದಲ್ಲಿ ಓದಿದೆ, ಆ ತೋಟದ ಬಗ್ಗೆ ಎಂಥ ಎರಡು ಮಾತುಗಳಿವೆ ಎಂಬ ಒಂದು ಪುಟ.

ಮೇಷ್ಟ್ರು ಕನ್ನಡಕ ತೆಗೆದರು. "ನಿಮ್ಮ ತೋಟ ಬೇರೆ, ಅದು ಬೇರೆ. ಅಲ್ಲಿ ಎರಡು ಜನಾಂಗ, ಸೈನ್ಯ, ಬ್ರಿಟಿಷರು ಇಬ್ಬರಿಗೂ ಕೊಟ್ಟ ಮಾತು, ಯೂರೋಪು ಮಾಡಿದ ಪಾಪ, ಎಲ್ಲ ಇದೆ. ಇಲ್ಲಿ ನಿಮ್ಮ ತಾತ, ಒಂದು ಹಟ್ಟಿ."

"ಹೋಲಿಸಲ್ಲ ಸಾರ್. ನಾನು ಎಲ್ಲಿ ನಿಂತು ಓದ್ತಿದೀನಿ ಅಂತ ಮಾತ್ರ ಹೇಳ್ತೀನಿ. ಮೂರು ಅಧ್ಯಾಯ ಪೂರ್ತಿ ಒಬ್ಬೊಬ್ಬ ಇತಿಹಾಸಕಾರರನ್ನೂ ನೀವು ಎಲ್ಲಿ ನಿಂತು ಬರೆದಿರಿ ಅಂತ ಕೇಳಿದೀನಿ. ನನ್ನದನ್ನ ಮುಚ್ಚಿಡ್ಲಾ?"

"ಆ ಪುಟ ಇಲ್ಲದಿದ್ರೂ ಪಾಸಾಗ್ತೀಯ. ಮನೆಯಲ್ಲಿ ಕೇಳಿ ನೋಡು" ಎಂದರು. ಅಷ್ಟು ಹೇಳಿ, ಎಂದೂ ಇಲ್ಲದ ಹಾಗೆ ನನ್ನನ್ನು ಬಾಗಿಲತನಕ ಬಂದು ಕಳಿಸಿಕೊಟ್ಟರು.

ಮನೆಯಲ್ಲಿ ಹೇಳಿದೆ. ಕದ್ದು ಬರೆಯುವ ಮನಸ್ಸಿರಲಿಲ್ಲ. ಅಪ್ಪ ಊಟದ ತಟ್ಟೆ ಸರಿಸಿ ಎದ್ದರು.

"ಉಂಡ ಮನೆ ಜಂತೆ ಎಣಿಸ್ತೀಯಾ? ನಿಮ್ ತಾತನ್ನ ಕಳ್ಳ ಅಂತ ಇಂಗ್ಲೀಷಲ್ಲಿ ಬರ್ದು ಊರೂರಿಗೆ ಹಂಚ್ತೀಯಾ?"

"ಕಳ್ಳ ಅಂತ ಎಲ್ಲೂ ಬರ್ದಿಲ್ಲಪ್ಪ."

"ಆ ಪುಟ ಇದ್ರೆ ನೀನು ಮೈಸೂರಿನ ರೈಲು ಹತ್ತೋದು ಬ್ಯಾಡ."

ಅಂದಿನಿಂದ ಅಪ್ಪ ನನ್ನೊಡನೆ ಮಾತು ಬಿಟ್ಟರು. ಏನು ಹೇಳುವುದಿದ್ದರೂ ಅಮ್ಮನ ಮೂಲಕ. ಬೇಸಿಗೆ ಏರಿತು. ಒಂದು ಪುಟ ಬಿಟ್ಟು ಉಳಿದೆಲ್ಲವನ್ನೂ ತಿಪಟೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಟೈಪು ಮಾಡಿಸಿದೆ. ಅಮ್ಮ ನನ್ನ ಪಕ್ಕ ಕೂತು ತಲೆಗೆ ಎಣ್ಣೆ ಹಚ್ಚುತ್ತ ಬೇಡಿಕೊಂಡಳು. "ಒಂದು ಪುಟ ತಾನೇ ಕಣೇ. ಕಿತ್ತಾಕು. ನೀನೂ ಗೆಲ್ತೀಯ, ಅವ್ರೂ ನೆಟ್ಟಗೆ ಉಣ್ತಾರೆ."

"ಅದನ್ನ ಕಿತ್ತರೆ ಮಿಕ್ಕ ಪುಟಕ್ಕೆ ಬೆಲೆ ಇಲ್ಲಮ್ಮ" ಎಂದೆ. ಪುಟ ಕೀಳುವ ಯೋಚನೆ ಬರಲೇ ಇಲ್ಲ ಎಂದರೆ ಸುಳ್ಳಾದೀತು. ಅರಳಗುಪ್ಪೆಯ ಮನೆಯ ಅಡಿಗೆಕೋಣೆ ಕಣ್ಣ ಮುಂದೆ ಬಂದಾಗಲೆಲ್ಲ ಬರುತ್ತಿತ್ತು. ಆದರೂ ಮನಸ್ಸು ಒಪ್ಪಲಿಲ್ಲ.

ಮುಂಗಾರಿನ ಮೊದಲ ಮೋಡಗಳ ಹೊತ್ತಿಗೆ ಅಟ್ಟದ ಕಾಯಿ ಇಳಿಸಲು ಆಳುಗಳು ಬಂದರು. ಅಂಗಳದಲ್ಲಿ ಕಬ್ಬಿಣದ ಸಲಾಕೆ ನೆಟ್ಟು ಸುಲಿಯತೊಡಗಿದರು. ಅರಳಗುಪ್ಪೆಯವರು ಮುಂದಿನ ಸೋಮವಾರ ಬರುವುದೆಂದು ಗೊತ್ತಾಗಿತ್ತು. ಮಧ್ಯಾಹ್ನ ಆಳುಗಳು ಊಟಕ್ಕೆ ಹೋದಾಗ ಅಪ್ಪ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದರು. ನಾನು ಕೈಬರಹದ ಆ ಪುಟವನ್ನು ಹಿಡಿದು ಅವರ ಮುಂದೆ ಕೂತೆ.

"ಬಯ್ಯೋದಾದ್ರೂ ಕೇಳಿ ಬಯ್ಯಿ ಅಪ್ಪ. ಇದ್ರಲ್ಲಿ ಏನಿದೆ ಅಂತ ನಿಮಗೆ ಗೊತ್ತಿಲ್ಲ."

ಅವರು ಎದ್ದು ಹೋಗಲಿಲ್ಲ. ನಾನು ಇಂಗ್ಲಿಷಿನ ಒಂದೊಂದು ವಾಕ್ಯವನ್ನೂ ಕನ್ನಡಕ್ಕೆ ತಿರುಗಿಸಿ ಓದಿದೆ. ಕ್ಯಾತಜ್ಜಿ ಹೇಳಿದ್ದು, ಅವಳ ಮೈದುನ ಒಪ್ಪದಿದ್ದದ್ದು, ತಾತನ ದರ್ಖಾಸ್ತು, ಬಿಂದಿಗೆಯ ನೀರು, ಕಲ್ಲು ಒಡೆದು ತೋಡಿದ ಬಾವಿ, ನೆಲ ಖಾಲಿಯಿತ್ತೆಂಬ ನಮ್ಮ ಮನೆಯ ಮಾತು. ಇವುಗಳಲ್ಲಿ ಯಾವುದು ನಿಜವೆಂದು ತೀರ್ಮಾನಿಸಲು ಬೇಕಾದ ಸಾಕ್ಷಿ ನನಗೆ ಸಿಕ್ಕಿಲ್ಲ, ಆದರೆ ನಾನು ಈ ತೋಟದ ಮಗಳು ಎಂಬುದನ್ನು ಓದುಗರು ತಿಳಿದಿರಬೇಕು ಎಂಬಲ್ಲಿಗೆ ಪುಟ ಮುಗಿಯುತ್ತಿತ್ತು.

ಅಪ್ಪ ಕಂಬ ಬಿಟ್ಟು ನೆಟ್ಟಗೆ ಕೂತರು.

"ಇಷ್ಟೇನಾ?"

"ಇಷ್ಟೇ."

"ನನ್ ಮಾತೆಲ್ಲಿ ಇದ್ರಾಗೆ?"

"ನೆಲ ಖಾಲಿ ಇತ್ತು ಅಂತ ಬರ್ದಿದೀನಲ್ಲ ಅಪ್ಪ."

"ಅದು ನಮ್ಮಪ್ಪನ ಮಾತು. ಅವ್ರು ಹೇಳ್ತಿದ್ರು, ನಾನೂ ಹೇಳ್ಕಂಡು ಬಂದೆ." ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಸಸಿಗೆ ಗುಂಡಿ ತೆಗೆದೋನು ನಾನು. ಹದಿನೆಂಟೋ ಇಪ್ಪತ್ತೋ ವಯಸ್ಸು. ಒಂದಾಳುದ್ದ ಆಚೀಚೆ ಎಲ್ಲಿ ಅಗೆದ್ರೂ ಬೂದಿ. ಒಲೆಗುಂಡು ಸಿಕ್ಕುದ್ವು, ಮಸಿ ಹಂಗೇ ಇತ್ತು. ಒಂದ್ಕಡೆ ಅರಿಶಿನ ಕುಂಕುಮ ಬಳಿದಿದ್ದ ಕಲ್ಲು. ಅಪ್ಪಂಗೆ ತೋರಿಸ್ದೆ. ಮುಚ್ಚು ಅಂದ್ರು. ಮುಚ್ಚಿ ಸಸಿ ಇಟ್ಟೆ."

ಒಳಗಿನಿಂದ ನೀರು ತಂದ ಅಮ್ಮ ಹೊಸ್ತಿಲಲ್ಲೇ ನಿಂತಳು. ಇಷ್ಟು ವರ್ಷ ಸಂಸಾರ ಮಾಡಿದ ಅವಳಿಗೂ ಈ ಮಾತು ಗೊತ್ತಿರಲಿಲ್ಲ.

ನಾನು ಪೆನ್ನು ತೆಗೆದೆ. "ಇದನ್ನ ಬರೀಲಾ ಅಪ್ಪ?"

"ಬಾಯ್ಬುಟ್ಟು ಹೇಳಿದ್ಮ್ಯಾಕೆ ಇನ್ನೇನು. ಬರ್ಕೋ." ಅಮ್ಮನ ಕಡೆ ತಿರುಗಿ, "ಅರಳಗುಪ್ಪೆಯೋರಿಗೆ ಸೋಮವಾರ ಬರೋದು ಬ್ಯಾಡ ಅಂತ ಹೇಳಿ ಕಳಿಸು" ಎಂದರು. ನಾನು ಪುಟದ ಕೆಳಗೆ ಉಳಿದಿದ್ದ ಜಾಗದಲ್ಲಿ ಅವರ ಮಾತನ್ನು ಅವರು ಹೇಳಿದ ಹಾಗೇ ಕನ್ನಡದಲ್ಲೇ ಬರೆದೆ. ಬರೆದು ಮುಗಿಯುವವರೆಗೆ ಅಪ್ಪ ಎದುರಿಗೇ ಕೂತಿದ್ದರು.

"ನಾಳೆ ಮೈಸೂರಿಗೆ ಹೊರಡ್ತೀನಪ್ಪ" ಎಂದೆ.

"ಮೈಸೂರಿಗೆ ನಾಡಿದ್ದು ಹೋಗೀವಂತೆ. ನಾಳೆ ಹಟ್ಟಿಗೆ ಹೋಗಿ, ಆವಮ್ಮನ ಮುಂದೆ ಕೂತು ಇದ್ನ ಓದಿ ಹೇಳು" ಎಂದು ಅಪ್ಪ ಎದ್ದು ನಿಂತರು. ಎರಡು ಮೆಟ್ಟಿಲು ಇಳಿದವರು ತಿರುಗಿ ನನ್ನ ಮುಖ ನೋಡಿದರು. "ಬಾವಿ ತೋಡಿದ್ದು ನಾವು. ಅದ್ನೂ ಓದು, ಬುಡಬ್ಯಾಡ."